ಹುಳಗಳು ಸೊಪ್ಪು ಬಿಟ್ಟ ಮಧ್ಯಾಹ್ನ

ಭಾವನಾ, ಚೇತನ್, ಇದು ನಿಮ್ಮಿಬ್ಬರಿಗೂ ಬರೆಯುತ್ತಿರುವುದು. ಭಾವನಾ ದೊಡ್ಡವಳು, ಅವಳೇ ಮೊದಲು ಓದಲಿ. ಚೇತನ್, ಅಕ್ಕನ ಕೈಯಿಂದ ಕಿತ್ತುಕೊಳ್ಳಬೇಡ. ಇದರಲ್ಲಿ ಅವಳ ವಿಷಯವೇ ಹೆಚ್ಚಿದೆ.

ನನಗೆ ಬರೆದು ಅಭ್ಯಾಸವಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು, ಆದರೆ ಎದ್ದು ನಿಂತು ಓದು ಎಂದರೆ ಆಗುತ್ತಿರಲಿಲ್ಲ. ಈಗಲೂ ಹಾಗೆಯೇ. ನಾಲ್ಕು ಜನ ಕೂತಿರುವ ಕಡೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಹೋದ ದಸರಾ ರಜೆಯಲ್ಲಿ ಭಾವನಾ ಕೇಳಿದ್ದಕ್ಕೆ ಉತ್ತರ ಕೊಡದೆ ಪಾತ್ರೆ ತೊಳೆಯಲು ಎದ್ದುಹೋದೆ. "ಅಜ್ಜಿ, ಮಧ್ಯಾಹ್ನ ಮೂರು ಗಂಟೆ ಆದ್ರೆ ಸಾಕು, ಹುಳದ ಮನೆ ಬಾಗಿಲಲ್ಲಿ ಹೋಗಿ ಸುಮ್ನೆ ನಿಂತ್ಕೋತೀಯಲ್ಲ, ಯಾಕೆ?" ಎಂದು ಕೇಳಿದ್ದಳು. ಆ ಪ್ರಶ್ನೆಯ ಉತ್ತರ ಇಲ್ಲಿದೆ. ಪೂರ್ತಿ ಉತ್ತರ ಅಲ್ಲ, ನನ್ನ ಹತ್ತಿರ ಇರುವಷ್ಟು.

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಮೈಮೇಲೆ ಬರುವುದು, ಶಕುನ, ಇಂಥವುಗಳನ್ನು ನಾನು ನಂಬಿದವಳಲ್ಲ. ನಿಮ್ಮ ತಾತನೂ ನಂಬುತ್ತಿರಲಿಲ್ಲ. ಊರಿನವರು ಹುಳದ ಮನೆ ಬಾಗಿಲಿಗೆ ಹಳೆಯ ಚಪ್ಪಲಿ ಕಟ್ಟಿದರೆ ಅವರು ನಗುತ್ತಿದ್ದರು. "ಹುಳಕ್ಕೆ ಕಣ್ಣು ತಾಗಲ್ಲ, ಕೊಳಕು ಕಾಲು ತಾಗುತ್ತೆ ಅಷ್ಟೇ" ಎಂದು ಹೊಸ್ತಿಲ ಹತ್ತಿರ ಬ್ಲೀಚಿಂಗ್ ಪುಡಿ ಚೆಲ್ಲಿ, ಕಾಲು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಜೊತೆ ಇಪ್ಪತ್ತೆಂಟು ವರ್ಷ ರೇಷ್ಮೆ ಹುಳ ಸಾಕಿದ ಮೇಲೆ ನನಗೂ ಅದೇ ಬುದ್ಧಿ ಬಂದಿತ್ತು. ಯಾರಾದರೂ ವಿಚಿತ್ರದ ಸಂಗತಿ ಹೇಳಿದರೆ ತಲೆಯಾಡಿಸಿ ಕೇಳಿ, ಮನಸ್ಸಿನಲ್ಲಿ, ಇವರಿಗೆ ನಿದ್ದೆ ಸಾಲದು ಎಂದುಕೊಳ್ಳುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ಭಾವನಾ, ಆಗ ನೀನು ಹೊಟ್ಟೆಯಲ್ಲಿದ್ದೆ. ತಾತ ಹೋಗಿ ಎರಡು ವರ್ಷವಾಗಿತ್ತು. ಕೆಂಚಾರ್ಲಹಳ್ಳಿಯಿಂದ ಒಳಕ್ಕೆ ತಿರುಗುವ ದಾರಿಯ ಈ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಇಬ್ಬರು ಹೆಂಗಸರು ಬಂದು ಹನ್ನೊಂದರ ಹೊತ್ತಿಗೆ ಹೋಗಿಬಿಡುತ್ತಿದ್ದರು. ಮೂರು ಹೊತ್ತೂ ಹುಳಕ್ಕೆ ಸೊಪ್ಪು ಹಾಕುವುದು ನಾನೇ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನಿಮ್ಮ ಅಮ್ಮ ಸುಜಾತ, ಸೀಮಂತ ಮುಗಿಸಿಕೊಂಡು, ಗೌರಿಬಿದನೂರಿನಿಂದ ಇಲ್ಲಿಗೆ ಬಂದಳು. ನಿಮ್ಮ ಅಪ್ಪನಿಗೆ ಅಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತರ ಕೆಲಸ, ಪರೀಕ್ಷೆಯ ಸಮಯ, ರಜೆ ಸಿಗುತ್ತಿರಲಿಲ್ಲ. ದಿನಾ ಸಂಜೆ ಫೋನು ಮಾಡುತ್ತಿದ್ದರು.

ಸುಜಾತ ಬಂದಾಗ ಎಂಟು ತಿಂಗಳು ತುಂಬಿತ್ತು. ಆ ತಿಂಗಳುಗಳಲ್ಲಿ ಹೆಂಗಸಿಗೆ ಏನೇನು ಆಗುತ್ತದೋ ಅದೆಲ್ಲ ಅವಳಿಗೂ ಆಗುತ್ತಿತ್ತು. ಊಟವಾದ ಕೂಡಲೇ ಎದೆಯುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಎದ್ದು ಹೋಗುವುದು. ಸಂಜೆ ಆದರೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಮ್ಮೊಮ್ಮೆ ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡು, ಐದು ನಿಮಿಷ ನಡೆದಾಡಿದರೆ ಸಡಿಲವಾಗುತ್ತಿತ್ತು. "ಇದು ಸುಳ್ಳುನೋವು ಕಣೇ, ನಿನ್ನ ಹೆರೋವಾಗ ನಂಗೂ ಹದಿನೈದು ದಿನ ಹಿಂಗೇ ಆಗಿತ್ತು" ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ನಾನು ಹೇಳಿದ್ದೆಲ್ಲ ನಿಜವೇ ಆಗುತ್ತಿದ್ದುದರಿಂದ ಅವಳು ನನ್ನ ಮಾತನ್ನು ನಂಬುತ್ತಾ ಹೋದಳು. ನನ್ನ ಮಾತನ್ನು ನಾನೂ ನಂಬುತ್ತಾ ಹೋದೆ.

ನಮ್ಮೂರ ಆಶಾ ಕಾರ್ಯಕರ್ತೆ ನಸೀಮಾ. ನೀವು ಅವಳನ್ನು ನಸೀಮತ್ತೆ ಎಂದು ಕರೆಯುತ್ತೀರಿ. ಶಿಡ್ಲಘಟ್ಟದಲ್ಲಿ ಅವಳ ತಂದೆಯದು ಗೂಡು ಕುದಿಸಿ ರೇಷ್ಮೆ ನೂಲು ಬಿಚ್ಚುವ ಮನೆ. ಮದುವೆಯಾಗಿ ನಮ್ಮ ಕಡೆ ಬಂದವಳು. ಬಾಯಿ ಜೋರು, ಕಾಲು ಇನ್ನೂ ಜೋರು. ಮನೆ ಮನೆ ತಿರುಗಿ ಬಸುರಿಯರನ್ನು ನೋಡುತ್ತಿದ್ದಳು. ಸುಜಾತ ಬಂದ ಮರುದಿನವೇ ಬಂದು ತಪಾಸಣೆಯ ವಿವರವಿರುವ ತಾಯಿ ಕಾರ್ಡು ನೋಡಿ, ತನ್ನ ಫೋನ್ ನಂಬರನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದು, ಗುರುವಾರ ಬಿ.ಪಿ. ನೋಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ್ದಳು.

ಆ ಗುರುವಾರದ ಹೊತ್ತಿಗೆ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಚೇತನ್, ನಿನಗೆ ಇದು ಗೊತ್ತಿರಲಾರದು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರ ಕೂತಾಗ ಹುಳ ತಿನ್ನುವುದು ಬಿಟ್ಟು, ತಲೆ ಮೇಲೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಇರುತ್ತದೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಹೀಗೆ ನಾಲ್ಕು ಸಲ. ನಾಲ್ಕನೆಯದರಿಂದ ಎದ್ದ ಮೇಲೆ ಏಳೆಂಟು ದಿನ ಹಗಲು ರಾತ್ರಿ ತಿನ್ನುತ್ತದೆ. ಆಮೇಲೆ ಹಣ್ಣಾಗಿ, ಮೈ ಹೊಳಪಾಗಿ, ಗೂಡು ಕಟ್ಟಲು ಹೊರಡುತ್ತದೆ. ಆ ಏಳೆಂಟು ದಿನ ಸಾಕುವವರ ಜೀವ ಕೈಯಲ್ಲಿರುತ್ತದೆ. ಆಗ ಹೊರಗಿನವರನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವರು ಕಣ್ಣು ತಾಗುತ್ತದೆ ಎನ್ನುತ್ತಾರೆ, ಕೆಲವರು ರೋಗ ತರುತ್ತಾರೆ ಎನ್ನುತ್ತಾರೆ. ನಂಟರು ಬಂದರೂ ಗೇಟಿನಲ್ಲೇ ಮಾತು.

ನಾನು ಸುಜಾತನನ್ನು ಕಳಿಸಲಿಲ್ಲ. ಅವಳ ಜೊತೆ ನಾನು ಹೋದರೆ ಮಧ್ಯಾಹ್ನದ ಸೊಪ್ಪು ಯಾರು ಹಾಕುತ್ತಾರೆ? ಅವಳೊಬ್ಬಳನ್ನೇ ನಸೀಮಾಳ ಜೊತೆ ಕಳಿಸಿದರೆ, ಹತ್ತಾರು ಮನೆಯವರು ಬರುವ ಜಾಗಕ್ಕೆ ಹೋಗಿ ಮತ್ತೆ ಈ ಮನೆಗೇ ಬರುತ್ತಾಳೆ. ಕಣ್ಣು ತಾಗುವುದನ್ನು ನಂಬದವಳು ನಾನು, ಹಾಗಿದ್ದೂ ಹೆದರಿದೆ. ತಾತ ಇಲ್ಲದೆ ಒಬ್ಬಳೇ ಮಾಡಿದ ಬೆಳೆ ಕೆಟ್ಟರೆ ಊರವರು ಏನು ಅನ್ನುತ್ತಾರೆ ಎಂಬ ಹೆದರಿಕೆಯೂ ಇತ್ತು.

ನಸೀಮಾ ಗೇಟಿನ ಹೊರಗೆ ನಿಂತಿದ್ದಳು. ನಾನು ಒಳಗಿನಿಂದಲೇ, "ಹುಳ ಹಣ್ಣಾಗ್ಲಿ ನಸೀಮಾ, ಮುಂದಿನ ವಾರ ನಾನೇ ಕರ್ಕೊಂಡು ಬರ್ತೀನಿ" ಎಂದೆ.

"ನಾನೇನು ನಿಮ್ಮ ಹುಳ ತಿನ್ನೋಕೆ ಬಂದಿರೋ ಹಕ್ಕಿನಾ ಅಕ್ಕ? ಸುಜಾತನ ಮುಖನಾದ್ರೂ ತೋರ್ಸಿ."

"ಮಲಗಿದಾಳೆ."

ಅವಳು ಗೇಟಿನ ಕಂಬಿ ಹಿಡಿದುಕೊಂಡು, ಗಟ್ಟಿಯಾಗಿ ಹೇಳಿದಳು. "ಕೇಳಿಸ್ಕೊಳ್ಳಿ ಅಕ್ಕ. ಸಂಜೆ ಕಾಲು ಊದಿದ್ರೆ ಅದು ಸರಿ, ಕಾಲು ಮೇಲಿಟ್ಕೊಂಡು ಮಲಗಿದ್ರೆ ಇಳಿಯುತ್ತೆ. ಬೆಳಗ್ಗೆ ಎದ್ದಾಗ ಮುಖ, ಕೈ ಊದಿದ್ರೆ ಅದು ಸರಿಯಲ್ಲ. ಬಿಡದೇ ಇರೋ ತಲೆನೋವು, ಕಣ್ಣು ಮಂಜಾಗೋದು, ಎದೆಗೂಡಿನ ಕೆಳಗೆ ನೋವು, ಇವು ಯಾವ್ದು ಬಂದ್ರೂ ನಂಗೆ ಫೋನ್ ಮಾಡಿ. ನೀರೋ ರಕ್ತವೋ ಹೋದ್ರೆ ಫೋನೂ ಬೇಡ, ಹೊರಟುಬಿಡಿ. ಊಟ ಆದ್ಮೇಲೆ ಎಡಮಗ್ಗುಲಿಗೆ ಮಲಗಿ ಕೂಸು ಆಡೋದನ್ನ ಎಣಿಸೋಕೆ ಹೇಳಿ. ಕೂಸು ಆಡೋದು ಕಮ್ಮಿ ಆಯ್ತು ಅನ್ಸಿದ್ರೆ ಕಾಯ್ಬೇಡಿ."

ನಾನು ಪ್ರತಿಯೊಂದಕ್ಕೂ ಹೂಂ, ಹೂಂ ಎಂದೆ. ನನ್ನ ಕಿವಿ ಹುಳದ ಮನೆಯ ಕಡೆ ಇತ್ತು.

ಆಮೇಲೆ ಏನಾಯಿತು ಎಂಬುದನ್ನು ನಾನು ಮುಚ್ಚಿಡದೆ ಬರೆಯಬೇಕು. ನಿಮ್ಮ ಅಮ್ಮನಿಗೂ ಇದನ್ನೆಲ್ಲ ಹೀಗೆ ಒಟ್ಟಿಗೆ ಹೇಳಿಲ್ಲ. ಶುಕ್ರವಾರ ಬೆಳಗ್ಗೆ ಸುಜಾತನ ಮುಖ ದುಂಡಗೆ ಕಂಡಿತು. ನನಗೆ ಸಂತೋಷವಾಯಿತು. "ಈಗ ನೋಡು ಮುಖಕ್ಕೆ ಕಳೆ ಬಂತು. ಗೌರಿಬಿದನೂರಲ್ಲಿ ಒಣಗಿಹೋಗಿದ್ದೆ" ಎಂದೆ. ಸೀಮಂತದ ಹಸಿರು ಬಳೆಗಳು ಅವಳ ಮಣಿಕಟ್ಟಿನಲ್ಲಿ ಹೂತುಕೊಂಡಿದ್ದವು. ಮೊದಲು ಆಡಿಸಿದರೆ ಸದ್ದು ಮಾಡುತ್ತಿದ್ದ ಬಳೆ ಈಗ ಸದ್ದು ಮಾಡುತ್ತಿರಲಿಲ್ಲ. ಮೈ ತುಂಬಿಕೊಂಡಿದ್ದಾಳೆ, ತವರಿನ ಅನ್ನ ಹಿಡಿಯಿತು ಎಂದು ಹೆಮ್ಮೆಪಟ್ಟೆ. ಶನಿವಾರ ತಲೆನೋವು ಎಂದಳು. ಬಿಸಿಲಿಗೆ ಎಂದೆ. ಭಾನುವಾರವೂ ತಲೆನೋವು. ಕಣ್ಣ ಮುಂದೆ ಮಿಂಚುಹುಳ ಹಾರಿದಂತೆ ಆಗುತ್ತದೆ ಎಂದಳು. ಸರಿಯಾಗಿ ಉಣ್ಣುವುದಿಲ್ಲ ಅದಕ್ಕೇ ಎಂದು ಬೈದು, ರಾಗಿ ಅಂಬಲಿ ಕಾಯಿಸಿ ಕೊಟ್ಟೆ.

ಸೋಮವಾರ ಬೆಳಗ್ಗೆ ಅವಳು ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹುಳದ ಮನೆಯಿಂದ ಕಸದ ಬುಟ್ಟಿ ಹೊತ್ತು ಬರುತ್ತಿದ್ದೆ.

"ಅಮ್ಮ, ಕೂಸು ಇವತ್ತು ಆಡ್ತಾನೇ ಇಲ್ಲ ಕಣಮ್ಮ. ನಿನ್ನೇನೂ ಅಷ್ಟಕ್ಕಷ್ಟೇ."

ನಾನು ಬುಟ್ಟಿ ಇಳಿಸಲೂ ಇಲ್ಲ. "ಹಣ್ಣಾಗೋ ಹುಳ ಸುಮ್ನಾಗಲ್ವೇನೇ? ಜ್ವರಕ್ಕೆ ಕೂತಾಗ ನೋಡಿಲ್ವಾ ನೀನು? ಒಳಗೆ ಜಾಗ ಇಲ್ಲ, ಹೊರಗೆ ಬರೋಕೆ ತಯಾರಾಗ್ತಿದೆ. ಹುಟ್ಟಿದಾಗಿಂದ ಹುಳ ನೋಡ್ಕೊಂಡು ಬೆಳೆದೋಳು, ಹಿಂಗೆ ಹೆದರ್ತಾರಾ?"

ಅವಳು ನಕ್ಕಳು. ನನ್ನ ಮಾತಿನಿಂದ ಅವಳಿಗೆ ಸಮಾಧಾನವಾಯಿತು. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಸೊಪ್ಪು ಹಾಕಿದೆ. ಬೆಳಗ್ಗೆ ಕೊಯ್ದು ಒದ್ದೆ ಗೋಣಿಯ ಕೆಳಗಿಟ್ಟಿದ್ದ ಸೊಪ್ಪು, ಒಂದು ಎಲೆಯೂ ಬಾಡಿರಲಿಲ್ಲ. ಅದು ಜ್ವರದಿಂದ ಎದ್ದ ಐದನೆಯ ದಿನ. ಆ ಹೊತ್ತಿನಲ್ಲಿ ಹುಳ ಸೊಪ್ಪು ತಿನ್ನುವ ಸದ್ದು ನೀವು ಕೇಳಿದ್ದೀರಿ. ಹೆಂಚಿನ ಮೇಲೆ ಸಣ್ಣಗೆ ಮಳೆ ಹಿಡಿದಂತೆ ಇರುತ್ತದೆ. ಹುಳದ ಮನೆಗೂ ಸುಜಾತ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಜಾಲರಿಯ ಕಿಟಕಿ. ಅವಳು ಆ ಸದ್ದಿನಲ್ಲೇ ಹುಟ್ಟಿ ಬೆಳೆದವಳು, ಅದು ಇಲ್ಲದೆ ಗೌರಿಬಿದನೂರಿನಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಊಟ ಅರ್ಧಕ್ಕೆ ಬಿಟ್ಟು ಹೋಗಿ ಮಲಗಿದ್ದಳು.

ಮೂರು ಗಂಟೆಯ ಸುಮಾರು. ನಾನು ಹುಳ ಇಟ್ಟ ಸ್ಟ್ಯಾಂಡುಗಳ ನಡುವೆ ಬಗ್ಗಿ ನೆಲ ಗುಡಿಸುತ್ತಿದ್ದೆ. ಸದ್ದು ನಿಂತಿತು.

ಕಡಿಮೆಯಾಗುತ್ತಾ ಬಂದು ನಿಂತದ್ದಲ್ಲ. ನಲ್ಲಿ ತಿರುಗಿಸಿದ ಹಾಗೆ ಒಮ್ಮೆಗೇ ನಿಂತಿತು. ನನ್ನ ಪೊರಕೆಯ ಸದ್ದು ನನಗೇ ಜೋರಾಗಿ ಕೇಳಿಸಿ, ನಾನು ಗುಡಿಸುವುದನ್ನು ನಿಲ್ಲಿಸಿದೆ. ನನ್ನ ಕಿವಿಯೇ ಕಟ್ಟಿತೇನೋ ಎಂದು ಬೆರಳು ಹಾಕಿ ಅಲ್ಲಾಡಿಸಿದೆ. ದೂರದಲ್ಲಿ ಯಾರದೋ ಬೋರ್‌ವೆಲ್ ಮೋಟರು ಓಡುತ್ತಿತ್ತು, ಅದು ಕೇಳಿಸಿತು. ಕಿವಿ ಸರಿಯಾಗಿತ್ತು.

ಎದ್ದು ನೋಡಿದೆ. ಹುಳಗಳೆಲ್ಲ ತಲೆ ಎತ್ತಿಕೊಂಡಿದ್ದವು. ಒಂದು ಸ್ಟ್ಯಾಂಡಿನಲ್ಲಿ ಮಾತ್ರವಲ್ಲ, ಮೂರರಲ್ಲೂ, ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗೆ. ಬಾಯಿಯ ಮುಂದೆಯೇ ಎಳೆಯ ಸೊಪ್ಪಿತ್ತು. ಅರ್ಧ ಕಚ್ಚಿದ ಎಲೆಯ ಅಂಚುಗಳು ಹಾಗೆಯೇ ಇದ್ದವು. ಜ್ವರಕ್ಕೆ ಕೂತಾಗ ಹೇಗೆ ಕೂರುತ್ತವೋ ಹಾಗೆ, ಎದೆ ಎತ್ತಿ, ಅಲ್ಲಾಡದೆ ಕೂತಿದ್ದವು. ಆದರೆ ಐದನೆಯ ಜ್ವರ ಎಂಬುದು ಹುಳಕ್ಕೆ ಇಲ್ಲ. ಅಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ, ಯಾರೂ ನೋಡಿದ್ದನ್ನು ಕೇಳಿರಲಿಲ್ಲ.

ಮೊದಲು ಬಂದ ಯೋಚನೆ ಔಷಧಿಯದು. ಪಕ್ಕದ ಹೊಲದಲ್ಲಿ ಟೊಮ್ಯಾಟೊಗೆ ಔಷಧಿ ಹೊಡೆದರೆ ಗಾಳಿಗೆ ಬಂದು ಹುಳ ಸಾಯುತ್ತದೆ. ಬಾಗಿಲಿಗೆ ಹೋಗಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ, ಗಾಳಿಯೂ ಇರಲಿಲ್ಲ, ಹೊಲದಲ್ಲಿ ಯಾರೂ ಇರಲಿಲ್ಲ. ಮತ್ತೆ ಬಂದು ಒಂದು ಹುಳವನ್ನು ಬೆರಳಿನಿಂದ ಮುಟ್ಟಿದೆ. ಮೈ ಗಟ್ಟಿಯಾಗಿ, ತಣ್ಣಗೆ, ಸರಿಯಾಗಿತ್ತು. ಸತ್ತಿರಲಿಲ್ಲ. ರೋಗ ಬಂದ ಹುಳ ಮೆತ್ತಗಾಗುತ್ತದೆ, ಇದು ಆಗಿರಲಿಲ್ಲ. ಮುಟ್ಟಿದರೂ ತಲೆ ಇಳಿಸಲಿಲ್ಲ.

ಈ ಬೆಳೆ ಹೋಯಿತು ಎಂದುಕೊಂಡೆ. ಹೌದು, ಆಗಲೂ ನಾನು ಬೆಳೆಯನ್ನೇ ನೆನೆದೆ. ಯಾರನ್ನು ಕರೆಯಲಿ ಎಂದು ನಿಂತಿರುವಾಗ ಕಿಟಕಿಯ ಆಚೆಯಿಂದ ಸುಜಾತನ ದನಿ ಬಂತು. ನಿದ್ದೆಗಣ್ಣಿನ, ತೊದಲುವ ದನಿ.

"ಅಮ್ಮ, ಮಳೆ ನಿಂತ್ಹೋಯ್ತಾ?"

ಅದು ಬೇಸಿಗೆ. ಮಳೆ ಬಂದು ತಿಂಗಳುಗಳಾಗಿದ್ದವು. ಅವಳಿಗೂ ಆ ಸದ್ದು ನಿಂತದ್ದು ಕೇಳಿಸಿತ್ತು. ಅಂದರೆ ನಿಂತದ್ದು ನಿಜ. ಬೆಳಗ್ಗೆ ನಾನೇ ಆಡಿದ ಮಾತು, ಜ್ವರಕ್ಕೆ ಕೂತಾಗ ನೋಡಿಲ್ವಾ ನೀನು ಎಂದದ್ದು, ಆ ನಿಶ್ಶಬ್ದದಲ್ಲಿ ಮತ್ತೆ ಯಾರೋ ಹೇಳಿದಂತೆ ನನಗೆ ನೆನಪಾಯಿತು. ತಲೆ ಎತ್ತಿಕೊಂಡ ಆ ಹುಳಗಳನ್ನು ನೋಡುತ್ತಾ, ಹೀಗೆ ಸುಮ್ಮನಾಗುವುದು ಸರಿಯಲ್ಲ ಎಂದು ಹೊಳೆಯಿತು. ಹುಳದ ವಿಷಯವಾಗಿ ಹೊಳೆದದ್ದೋ ಕೂಸಿನ ವಿಷಯವಾಗಿ ಹೊಳೆದದ್ದೋ ನನಗೆ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಓಡಿ ಕೋಣೆಗೆ ಹೋಗಿ ಹಿತ್ತಿಲ ಕಡೆಯ ಕಿಟಕಿಯ ಬಾಗಿಲು ಪೂರ್ತಿ ತೆಗೆದೆ. ಬೆಳಕಿನಲ್ಲಿ ಅವಳ ಮುಖ ನೋಡಿದೆ. ಅದು ಕಳೆ ಅಲ್ಲ, ಊತ. ಕಣ್ಣಿನ ರೆಪ್ಪೆಗಳು ದಪ್ಪಗಾಗಿದ್ದವು. ಉಂಗುರದ ಬೆರಳು ಉಂಗುರದ ಎರಡೂ ಕಡೆ ಉಬ್ಬಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತೆ. ಏನೂ ಇಲ್ಲ. ಪಕ್ಕದಲ್ಲಿ ಹುಳದ ಮನೆಯಲ್ಲೂ ಏನೂ ಇಲ್ಲ. ಎರಡೂ ಕಡೆಯ ಮೌನದ ನಡುವೆ ನಾನು ಎಷ್ಟು ಹೊತ್ತು ಕೂತಿದ್ದೆನೋ. ಎರಡು ನಿಮಿಷವೋ, ಹತ್ತೋ. ಆಮೇಲೆ ತಾಯಿ ಕಾರ್ಡು ಹುಡುಕಿ ನಸೀಮಾಳಿಗೆ ಫೋನು ಮಾಡಿದೆ. ನನಗೆ ಫೋನಿನಲ್ಲಿಯೂ ಮಾತು ಬೇಗ ಹೊರಡುವುದಿಲ್ಲ. ಅವಳೇ ಕೇಳುತ್ತಾ ಹೋದಳು.

"ತಲೆನೋವಾ ಅಕ್ಕ? ಎಷ್ಟು ದಿನದಿಂದ?... ಕಣ್ಣು?... ಕೂಸು ಯಾವಾಗ ಆಡಿದ್ದು?" ಆಮೇಲೆ, "ಹೊರಡಿ. ನಾರಾಯಣಪ್ಪನ ವ್ಯಾನು ಸ್ಕೂಲಿಗೆ ಹೊರಡೋ ಹೊತ್ತು, ಅದ್ರಲ್ಲೇ ಬನ್ನಿ. ನಾನು ರೋಡಲ್ಲಿ ಹತ್ಕೋತೀನಿ" ಎಂದಳು.

"ಹುಳ..." ಎಂದೆ.

"ಹುಳಾನ ಹುಳದ ದೇವ್ರು ನೋಡ್ಕೋತಾನೆ. ನೀವು ಮಗಳನ್ನ ಎಡಮಗ್ಗುಲಿಗೆ ಮಲಗಿಸಿ."

ಪಕ್ಕದ ಮನೆಯ ನಾರಾಯಣಪ್ಪ ಊರ ಮಕ್ಕಳನ್ನು ಚಿಂತಾಮಣಿಯ ಶಾಲೆಗೆ ಬಿಟ್ಟು ಕರೆತರುತ್ತಿದ್ದ. ಆಗಷ್ಟೇ ಖಾಲಿ ವ್ಯಾನಿಗೆ ನೀರು ಹಾಕುತ್ತಿದ್ದ. ಸುಜಾತನ ಮುಖ ನೋಡಿ ಬಕೆಟ್ಟು ಅಲ್ಲೇ ಬಿಟ್ಟು, "ಏಮಕ್ಕಾ, ಇಷ್ಟು ಆಗೋವರೆಗೂ ಏನ್ ಮಾಡ್ತಿದ್ರಿ?" ಎಂದ. ಹಿಂದಿನ ಉದ್ದ ಸೀಟಿನ ಮೇಲೆ ಅವಳನ್ನು ಮಲಗಿಸಿದೆವು. ನಾನು ಹುಳದ ಮನೆಗೆ ಬೀಗ ಹಾಕಲು ಹೋದಾಗ ಒಳಗೆ ಇನ್ನೂ ಸದ್ದಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ತಲೆಗಳು ಇಳಿದಿರಲಿಲ್ಲ.

ದಾರಿಯಲ್ಲಿ ನಸೀಮಾ ಹತ್ತಿಕೊಂಡಳು. ಸುಜಾತನ ಕಾಲ ಬಳಿ ನೆಲದ ಮೇಲೆ ಕೂತು, ಅವಳ ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದಳು. ಹಸಿರು ಬಳೆ ಒಡೆಯುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. "ಬಳೆ ಆಮೇಲೆ ತೊಡಿಸಬಹುದು ಅಕ್ಕ, ನಾನೇ ತಂದು ಕೊಡ್ತೀನಿ" ಎಂದಳು. ನಾರಾಯಣಪ್ಪ ಹಿಂದೆ ತಿರುಗಿ ನೋಡಿದಾಗೆಲ್ಲ, "ನೀವು ಮುಂದೆ ನೋಡ್ರೀ, ಹೆರೋಳು ಅವಳು, ನೀವಲ್ಲ" ಎಂದು ಗದರುತ್ತಿದ್ದಳು. ಆ ಸ್ಥಿತಿಯಲ್ಲೂ ಸುಜಾತ ಸಣ್ಣಗೆ ನಕ್ಕಳು.

ಚಿಂತಾಮಣಿಯ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸು ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿ ನೋಡಿದರು. ಮೂತ್ರ ಪರೀಕ್ಷೆ ಮಾಡಿದರು. ಫಿಟ್ಸ್ ಬಾರದ ಹಾಗೆ ಇಂಜೆಕ್ಷನ್ ಕೊಟ್ಟು, ಆಂಬ್ಯುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ನಾನು ಹುಳದ ಮನೆಯ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ನಸೀಮಾಳ ಕೈಗೆ ಕೊಟ್ಟೆ. ನಾಲ್ಕು ದಿನದ ಹಿಂದೆ ಗೇಟಿನ ಹೊರಗೆ ನಿಲ್ಲಿಸಿದವಳ ಕೈಗೆ. ಅವಳು, "ಗೂಡು ಕುದಿಸೋ ಮನೇಲಿ ಹುಟ್ಟಿದೋಳು ನಾನು, ಒಂದು ದಿನ ಸೊಪ್ಪು ಹಾಕಿದ್ರೆ ಪುಣ್ಯ ಬರ್ಲಿ ಬಿಡಿ" ಎಂದು ವ್ಯಾನಿನ ಕಡೆ ಹೋದಳು.

ಚಿಕ್ಕಬಳ್ಳಾಪುರದಲ್ಲಿ, ಕೂಸಿನ ಎದೆಬಡಿತ ಇದೆ, ಆದರೆ ಕುಗ್ಗುತ್ತಿದೆ ಎಂದರು. ನಿಮ್ಮ ಅಪ್ಪ ಗೌರಿಬಿದನೂರಿನಿಂದ ಬಂದು ತಲುಪುವ ಹೊತ್ತಿಗೆ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು. ನಾವಿಬ್ಬರೂ ಆ ಬಾಗಿಲಿನ ಮುಂದೆ ನಿಂತಿದ್ದೆವು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಭಾವನಾ, ನೀನು ಹೊರಗೆ ಬಂದ ಕೂಡಲೇ ಅಳಲಿಲ್ಲವಂತೆ. ನಮಗೆ ಕೇಳಿಸಿದ ಅಳು ತಡವಾಗಿ, ತುಂಬ ಸಣ್ಣಗೆ ಬಂತು. ಎಲೆ ಹರಿದ ಸದ್ದಿನಷ್ಟು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

ಡಾಕ್ಟರಮ್ಮ ಹೊರಗೆ ಬಂದು, ಇಬ್ಬರೂ ಉಳಿದರು, ಕೂಸನ್ನು ಕೆಲವು ದಿನ ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಡಬೇಕು ಎಂದು ಹೇಳಿ, ನನ್ನ ಕಡೆ ತಿರುಗಿದರು. "ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ ಅಮ್ಮ. ಕಾಲು ಊದೋದು, ತಲೆನೋವು ಎಲ್ಲಾ ಮಾಮೂಲು ಅಂತ ಬಿಟ್ಟುಬಿಡ್ತಾರೆ ಜನ. ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ಏನು ಹೇಳಲಿ? ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿದವು ಎಂದು ಹೇಳಲೇ? "ತಲೆನೋವು ಅಂದ್ಲು" ಎಂದೆ. "ತಾಯಿ ಅಂದ್ರೆ ಹಿಂಗಿರಬೇಕು" ಎಂದು ಅವರು ನನ್ನ ಭುಜ ತಟ್ಟಿ ಹೋದರು. ನಿಮ್ಮ ಅಪ್ಪ ನನ್ನ ಕಾಲಿಗೆ ಬಗ್ಗಿದರು. ಆವತ್ತಿನಿಂದ ಇವತ್ತಿನವರೆಗೆ ಎಲ್ಲರೂ ಹಾಗೆಯೇ ಹೇಳುತ್ತಾ ಬಂದಿದ್ದಾರೆ, ಅಜ್ಜಿ ಗುರುತು ಹಿಡಿದದ್ದರಿಂದ ಭಾವನಾ ಉಳಿದಳು ಎಂದು. ಭಾವನಾ, ಅಜ್ಜಿ ಗುರುತು ಹಿಡಿಯಲಿಲ್ಲ. ಅಜ್ಜಿಗೆ ಮೂರು ದಿನ ಎಲ್ಲವೂ ಕಣ್ಣೆದುರಿಗೇ ಇತ್ತು.

ಮರುದಿನ ನಸೀಮಾ ಆಸ್ಪತ್ರೆಗೆ ಬಂದಳು. ಹುಳದ ವಿಷಯ ಕೇಳಿದೆ. ಅವಳು ಊರು ತಲುಪಿ ಬೀಗ ತೆಗೆದಾಗ ಸಂಜೆ ದೀಪ ಹಚ್ಚುವ ಹೊತ್ತಂತೆ. "ಒಂದೆಲೆ ಇಲ್ಲ ಅಕ್ಕ, ಬರೀ ಕಡ್ಡಿ. ನಾನು ಸೊಪ್ಪು ಹಾಕಿದ್ದೇ ತಡ, ಜಡಿಮಳೆ ಹಿಡಿದಂಗೆ ಸದ್ದು. ಎಂಥ ಹೊಟ್ಟೆಬಾಕಗಳು!" ಎಂದಳು. ಅಂದರೆ ನಾವು ಹೋದ ಮೇಲೆ ಯಾವಾಗಲೋ ಮತ್ತೆ ತಿನ್ನಲು ಶುರುಮಾಡಿದ್ದವು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಆ ಬೆಳೆಯ ಗೂಡು ಗಟ್ಟಿಯಾಗಿ, ಒಂದೇ ಸಮನಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕೈಗೆ ತೆಗೆದುಕೊಂಡವರೆಲ್ಲ ಹೊಗಳಿದರು. ರೋಗ ಬಂದ ಹುಳ ಅಂಥ ಗೂಡು ಕಟ್ಟುವುದಿಲ್ಲ.

ಕೆಲವು ದಿನಗಳ ನಂತರ ಧೈರ್ಯ ಮಾಡಿ ರೇಷ್ಮೆ ಇಲಾಖೆಯಿಂದ ಬರುತ್ತಿದ್ದ ಒಬ್ಬರನ್ನು ಕೇಳಿದೆ. ಮಗಳ ವಿಷಯ ಹೇಳಲಿಲ್ಲ, ಹುಳದ್ದು ಮಾತ್ರ. ಹೊಗೆಯೋ ಔಷಧಿಯೋ ಇರಬೇಕು, ಇಲ್ಲವೇ ಸೆಕೆ ಹೆಚ್ಚಾಗಿರಬೇಕು ಎಂದರು. ಹಾಗಿದ್ದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಹೇಗೆ ನಿಲ್ಲಿಸಿದವು ಎಂದು ಕೇಳಿದ್ದಕ್ಕೆ, "ನಿಮಗೆ ಹಂಗನ್ಸಿರುತ್ತೆ ಬಿಡಮ್ಮ" ಎಂದರು. ಅಕ್ಕಪಕ್ಕದ ಮೂರು ಮನೆಗಳಲ್ಲೂ ಆಗ ಅದೇ ವಯಸ್ಸಿನ ಹುಳ ಇತ್ತು. ಆವತ್ತು ಮಧ್ಯಾಹ್ನ ಅವರ ಹುಳಗಳಿಗೆ ಏನೂ ಆಗಿರಲಿಲ್ಲ. ಯಾರೂ ಔಷಧಿ ಹೊಡೆದಿರಲಿಲ್ಲ.

ನಿಮ್ಮ ಅಮ್ಮನನ್ನೂ ಒಮ್ಮೆ ಕೇಳಿದೆ, ಮಳೆ ನಿಂತಿತಾ ಎಂದು ಕೇಳಿದ್ದು ನೆನಪಿದೆಯಾ ಎಂದು. ಅವಳಿಗೆ ನೆನಪಿಲ್ಲ. ವ್ಯಾನು ಹತ್ತಿದ್ದು, ಬಳೆ ಒಡೆದದ್ದು ನೆನಪಿದೆ, ಅದಕ್ಕಿಂತ ಮೊದಲಿನದು ಮಸುಕು. ಹಾಗಾಗಿ ಆ ಮಧ್ಯಾಹ್ನಕ್ಕೆ ಸಾಕ್ಷಿ ನಾನೊಬ್ಬಳೇ. ಒಮ್ಮೊಮ್ಮೆ ಅನ್ನಿಸುತ್ತದೆ, ನನ್ನ ಒಳಗೆ ಎಲ್ಲೋ ನಸೀಮಾಳ ಮಾತು ಕೂತಿತ್ತು, ಅದು ಮೇಲೆ ಬರಲು ದಾರಿ ಹುಡುಕುತ್ತಿತ್ತು, ಹುಳದ ಸದ್ದು ಒಂದು ಗಳಿಗೆ ಕಡಿಮೆಯಾದದ್ದನ್ನೇ ನಾನು ದೊಡ್ಡದು ಮಾಡಿಕೊಂಡೆ ಎಂದು. ಹಾಗೆ ಅಂದುಕೊಂಡು ಮಲಗುತ್ತೇನೆ. ಕಣ್ಣು ಮುಚ್ಚಿದರೆ ಆ ತಲೆಗಳು ಕಾಣುತ್ತವೆ. ಬಾಯಿಯ ಮುಂದೆ ಸೊಪ್ಪಿಟ್ಟುಕೊಂಡು ಕಾಯುತ್ತಿರುವ ಅಷ್ಟೊಂದು ತಲೆಗಳು. ಎದ್ದು ಕೂರುತ್ತೇನೆ.

ಆಮೇಲೆ ಎಷ್ಟೋ ಬೆಳೆ ತೆಗೆದೆ. ಚೇತನ್, ನೀನು ಹುಟ್ಟುವಾಗಲೂ ಮನೆಯಲ್ಲಿ ಹುಳ ಇತ್ತು. ಆಗ ಗೇಟು ತೆರೆದೇ ಇಟ್ಟಿದ್ದೆ. ನಸೀಮಾ ಬಂದಾಗೆಲ್ಲ ಹುಳದ ಮನೆಯ ಪಕ್ಕದಲ್ಲೇ ಕೂತು ಬಿ.ಪಿ. ನೋಡಿ, ಟೀ ಕುಡಿದು ಹೋಗುತ್ತಿದ್ದಳು. ಹುಳಕ್ಕೆ ಏನೂ ಆಗಲಿಲ್ಲ. ಸದ್ದು ಮತ್ತೆ ಎಂದೂ ಹಾಗೆ ನಿಲ್ಲಲಿಲ್ಲ. ಆದರೂ ಮೂರು ಗಂಟೆಯಾದರೆ ನನ್ನ ಕಾಲು ಆ ಬಾಗಿಲಿಗೆ ಹೋಗುತ್ತದೆ. ನಿಂತು ಕೇಳುತ್ತೇನೆ. ಸದ್ದು ಇದೆ ಎಂದು ಖಾತ್ರಿಯಾದ ಮೇಲೂ ಇನ್ನೊಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏನನ್ನು ಕಾಯುತ್ತೇನೋ ನನಗೆ ತಿಳಿಯದು.

ಭಾವನಾ, ನೀನೀಗ ಎಸ್ಸೆಸ್ಸೆಲ್ಸಿ. ಇದೆಲ್ಲ ನಿನಗೆ ಈಗ ಬೇಕಾದ್ದಲ್ಲ. ಮುಂದೆ ಯಾವತ್ತೋ ನಿನಗೋ, ಚೇತನನ ಮನೆಗೆ ಬರುವವಳಿಗೋ ಬೇಕಾಗಬಹುದು. ಆಗ ನಾನು ಇರುತ್ತೇನೋ ಇಲ್ಲವೋ. ಇದ್ದರೂ ಬಾಯಿಬಿಟ್ಟು ಹೇಳುತ್ತೇನೋ ಇಲ್ಲವೋ. ಮನೆಯ ಹಿರಿಯ ಹೆಂಗಸು, ಇದು ನನಗೂ ಆಗಿತ್ತು, ಏನೂ ಆಗಲ್ಲ ಎಂದರೆ, ಅವಳು ಪ್ರೀತಿಯಿಂದಲೇ ಹೇಳುತ್ತಿರುತ್ತಾಳೆ. ಅವಳ ಮಾತು ಕೇಳು, ಆಮೇಲೆ ಆಸ್ಪತ್ರೆಗೂ ಹೋಗು. ಕೂಸು ಸುಮ್ಮನಾದರೆ, ಅದು ಹಣ್ಣಾಗುತ್ತಿದೆ ಎಂದು ಯಾರು ಹೇಳಿದರೂ ಕಾಯಬೇಡ. ನಿನಗಾಗಿ ಯಾವ ಹುಳವೂ ತಲೆ ಎತ್ತುತ್ತದೆ ಎಂದು ನಾನು ಮಾತು ಕೊಡಲಾರೆ.

ಈ ಹಾಳೆಗಳನ್ನು ನಿಮ್ಮ ಅಮ್ಮನ ತಾಯಿ ಕಾರ್ಡಿನ ಜೊತೆ ಇಡುತ್ತಿದ್ದೇನೆ. ಆ ಕಾರ್ಡು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ತಾತನ ಪಂಚೆಯ ಕೆಳಗಿದೆ. ನಸೀಮಾ ದಪ್ಪಕ್ಷರದಲ್ಲಿ ಬರೆದ ನಂಬರು ಈಗಲೂ ಅಳಿಸಿಲ್ಲ. ಎರಡನ್ನೂ ಬೇರೆ ಮಾಡದೆ, ನೀರು ತಾಗದ ಹಾಗೆ, ಇರುವೆ ಹತ್ತದ ಹಾಗೆ ನೋಡಿಕೊಳ್ಳಿ. ನಾನು ಹಾಳೆಯ ಒಂದೇ ಮಗ್ಗುಲಿಗೆ ಬರೆದಿದ್ದೇನೆ. ನೀವು ನನಗಿಂತ ಹೆಚ್ಚು ಓದುತ್ತೀರಿ. ಆ ಹುಳಗಳು ಯಾಕೆ ಹಾಗೆ ತಲೆ ಎತ್ತಿದವು ಎಂದು ಎಂದಾದರೂ ತಿಳಿದರೆ ಹಿಂದಿನ ಮಗ್ಗುಲಿಗೆ ಬರೆದಿಡಿ. ಜಾಗ ಬಿಟ್ಟಿದ್ದೇನೆ.